ಕಳವಾದ ಕಾರುಗಳ ಪತ್ತೆ ಮತ್ತು ಪೊಲೀಸ್ ಬೆನ್ನಟ್ಟುವಿಕೆ (ಅಮೆರಿಕ)

ಕಳವಾದ ಕಾರು ಎಲ್ಲಿದೆಯೆಂದು ರೇಡಿಯೊ ಅಥವಾ ಉಪಗ್ರಹದ ನೆರವಿನಿಂದ ತಿಳಿಯುವ ವಿಧಾನಗಳು. ಜೊತೆಗೆ, ಓಡಿಹೋಗುವ ಕಾರನ್ನು ಊರೊಳಗೆ ಪೊಲೀಸರು ಎಷ್ಟರ ಮಟ್ಟಿಗೆ ಬೆನ್ನಟ್ಟಬಹುದು ಎಂಬ ಕಟ್ಟುಪಾಡುಗಳು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇವೆರಡೂ ಒಂದೇ ಕಾಲದಲ್ಲಿ ಬೆಳೆದರೂ ಒಂದನ್ನೊಂದು ನೋಡಿ ಬೆಳೆದವೆನ್ನಲಾಗದು.

ಲೋಜ್ಯಾಕ್: 1986ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಬಳಕೆಗೆ ಬಂದ ಈ ಸಾಧನವನ್ನು ರೂಪಿಸಿದವ ಮೆಡ್‌ಫೀಲ್ಡ್ ಊರಿನ ಮಾಜಿ ಪೊಲೀಸ್ ಕಮಿಷನರ್ ವಿಲಿಯಂ ರೀಗನ್. ಕಾರಿನಲ್ಲಿ ಅಡಗಿಸಿಟ್ಟ ಪುಟ್ಟ ಪೆಟ್ಟಿಗೆ ಮಾಮೂಲಿ ದಿನಗಳಲ್ಲಿ ಮೌನವಾಗಿರುತ್ತದೆ. ಮಾಲೀಕ ಕಳವಿನ ದೂರು ಕೊಟ್ಟು, ಚಾಸಿ ನಂಬರ್ ಪೊಲೀಸರ ಕಂಪ್ಯೂಟರಿಗೆ ಸೇರಿದಾಗ ಗೋಪುರಗಳಿಂದ ಸಂಕೇತ ಹೊರಟು ಪೆಟ್ಟಿಗೆಯನ್ನು ಎಬ್ಬಿಸುತ್ತದೆ. ಅನಂತರ ಅದು 173.075 ಮೆಗಾಹರ್ಟ್ಸ್‌ನಲ್ಲಿ ಮಿಡಿಯತೊಡಗುತ್ತದೆ. ಗಸ್ತು ಕಾರಿನ ಚಾವಣಿಯ ಮೇಲಿನ ನಾಲ್ಕು ಆಂಟೆನಾಗಳಿಗೆ ಅಲೆಗಳು ತಲಪುವುದರಲ್ಲಿನ ವ್ಯತ್ಯಾಸದಿಂದ ದಿಕ್ಕು, ಅಲೆಗಳ ಬಲದಿಂದ ಹೆಚ್ಚುಕಡಿಮೆ ದೂರ ಗೊತ್ತಾಗುತ್ತದೆ. ಉಪಗ್ರಹದ ಸಂಕೇತ ಸಿಗದ ನೆಲಮಾಳಿಗೆಯಿಂದಲೂ ಈ ಅಲೆ ಹೊರಬರಬಲ್ಲದು. ಕಳವಾದ ಬಿಡಿಭಾಗಗಳ ಗುಜರಿಗಳು ಪತ್ತೆಯಾಗಲು ಇದೂ ಒಂದು ಕಾರಣ.

ಸಾಧನವಿದೆ ಎಂದು ಸಾರುವ ಚೀಟಿಯನ್ನು ಗಾಜಿಗೆ ಅಂಟಿಸದಿರುವುದೇ ಇದರ ಹೆಚ್ಚುಗಾರಿಕೆ. ಯಾವ ಕಾರಿನಲ್ಲಿ ಪೆಟ್ಟಿಗೆ ಇದೆಯೆಂದು ತಿಳಿಯದ ಕಳ್ಳ ಎಲ್ಲ ಕಾರುಗಳಿಗೂ ಅಂಜಬೇಕು. ಅರ್ಥಶಾಸ್ತ್ರಜ್ಞರಾದ ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ 1998ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಾಧನದಿಂದ ಸಮಾಜಕ್ಕಾಗುವ ಲಾಭದಲ್ಲಿ ಸುಮಾರು 10ನೇ ಒಂದು ಪಾಲು ಮಾತ್ರ ಕೊಂಡವನಿಗೆ ದಕ್ಕುತ್ತದೆ. ಉಳಿದದ್ದು ಕೊಳ್ಳದ ನೆರೆಹೊರೆಯವರಿಗೆ. ಕಾಸು ಕೊಟ್ಟವನೊಬ್ಬ, ಕಾವಲು ಊರಿಗೆಲ್ಲ!

ಇತರ ಸಾಧನಗಳು: ಜನರಲ್ ಮೋಟರ್ಸ್ ತನ್ನ 2009ರ ಮಾದರಿಗಳಿಂದ, ಪೊಲೀಸರ ಕೋರಿಕೆಯ ಮೇರೆಗೆ ಎಂಜಿನ್ನಿನ ಶಕ್ತಿಯನ್ನು ದೂರದಿಂದಲೇ ತಗ್ಗಿಸುವ ಸೌಲಭ್ಯ ತಂದಿತು, ಬ್ರೇಕು, ಸ್ಟೀರಿಂಗ್ ಎಂದಿನಂತಿರುತ್ತವೆ. ಓಡುವ ಕಾರಿಗೆ ಅಂಟಿಕೊಳ್ಳುವ ಜಿಪಿಎಸ್ ಬಾಣವೂ ಬಳಕೆಯಲ್ಲಿದೆ.

ಬೆನ್ನಟ್ಟುವಿಕೆಗೆ ಮಿತಿ: ಸುಪ್ರೀಂ ಕೋರ್ಟ್ ಇದಕ್ಕೆ ಬಿಗಿಯಾದ ಕಡಿವಾಣ ಹಾಕಿಲ್ಲ. ಬೆನ್ನಟ್ಟುವಾಗ ಸಾವು ಸಂಭವಿಸಿದರೂ ಕೇಡು ಮಾಡುವ ಉದ್ದೇಶವಿಲ್ಲದೆ ಸಂವಿಧಾನದ ಉಲ್ಲಂಘನೆ ಆಗದೆಂದು 1998ರ ಸ್ಯಾಕ್ರಮೆಂಟೊ ಕೌಂಟಿ ಪ್ರಕರಣ ಹೇಳಿತು. ಜನರ ಪ್ರಾಣಕ್ಕೆ ಅಪಾಯವಾಗುವಂತೆ ಓಡುವವನ ಕಾರಿಗೆ ಪೊಲೀಸರು ಗುದ್ದಿ ನಿಲ್ಲಿಸಿದ್ದನ್ನು 2007ರ ಸ್ಕಾಟ್–ಹ್ಯಾರಿಸ್ ತೀರ್ಪು ಒಪ್ಪಿತು. ಆದ್ದರಿಂದ ನಿಜವಾದ ಮಿತಿ ಬಹುಪಾಲು ಇಲಾಖೆಗಳ ಆದೇಶಗಳಲ್ಲಿ, ಕೆಲವೆಡೆ ರಾಜ್ಯದ ಕಾಯಿದೆಗಳಲ್ಲಿ ಇದೆ. ಕಾರು ಕಳವು ಸ್ವತ್ತಿನ ಅಪರಾಧ. ಅದಕ್ಕಾಗಿ ದಾರಿಹೋಕರ ಪ್ರಾಣ ಪಣಕ್ಕಿಡಬೇಕೆ ಎಂಬುದೇ ತಕರಾರು.

ಮಿಲ್ವಾಕಿ ನಗರ 2010ರಲ್ಲಿ, ಬೆನ್ನಟ್ಟುವಿಕೆಗಳಲ್ಲಿ ನಾಲ್ವರು ಸತ್ತ ಮೇಲೆ, ಹಿಂಸಾತ್ಮಕ ಅಪರಾಧಗಳಿಗಷ್ಟೇ ಅದನ್ನು ಸೀಮಿತಗೊಳಿಸಿತು; 2017ರಲ್ಲಿ ಸಡಿಲಿಸಿತು. ಅದೇ ನಗರದಲ್ಲಿ 2021ರಲ್ಲಿ ಕಿಯಾ ಮತ್ತು ಹ್ಯುಂಡೈ ಕಾರುಗಳ ಕಳವು ವಿಪರೀತವಾಯಿತು. ಆ ಕಾರುಗಳಲ್ಲಿ ಅನೇಕವಕ್ಕೆ ಸರಿಯಾದ ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಇರಲಿಲ್ಲ. ಹಾಗಾಗಿ ಈ ಏರಿಕೆಯ ಹೊಣೆಯನ್ನು ಬೆನ್ನಟ್ಟುವ ನಿಯಮಗಳ ಮೇಲಷ್ಟೇ ಹೊರಿಸುವುದು ಸರಿಯಾಗಲಾರದು. ವಾಷಿಂಗ್ಟನ್ ರಾಜ್ಯ 2021ರಲ್ಲಿ ಕಾಯಿದೆಯ ಮೂಲಕವೇ ನಿರ್ಬಂಧ ತಂದು, 2023ರಲ್ಲಿ ಸಡಿಲಿಸಿ, 2024ರಲ್ಲಿ ನಾಗರಿಕರ ಸಹಿ ಸಂಗ್ರಹದಿಂದ ಬಂದ ಪ್ರಸ್ತಾವ 2113ನ್ನು ಶಾಸನಸಭೆಯಲ್ಲಿ ಅಂಗೀಕರಿಸಿ, ಸಕಾರಣ ಸಂಶಯವಿದ್ದರೆ ಬೆನ್ನಟ್ಟುವ ಅಧಿಕಾರವನ್ನು ಪೊಲೀಸರಿಗೆ ಮರಳಿಸಿತು.