ವಿವೇಚನೆಗೆ ಬಿಟ್ಟದ್ದು

‘ನಿಮ್ಮ ವಿವೇಚನೆಗೆ ಬಿಟ್ಟದ್ದು’ ಎಂದರೆ ಮಾತಿನ ಬಳಕೆಯಲ್ಲಿ ‘ನಿಮ್ಮಿಷ್ಟ’ ಎಂದೇ ಅರ್ಥ. ‘ವಿವೇಚನಾ ಕೋಟಾ’ದಡಿ ನಿವೇಶನ ಹಂಚಿದ ಸುದ್ದಿಗಳನ್ನು ಓದಿ ಓದಿ ನಮ್ಮ ಕಿವಿಗೆ ಈ ಪದ ಅಧಿಕಾರಸ್ಥರ ಕೃಪೆ ಎಂದೂ ಕೇಳಿಸುತ್ತದೆ. ಆದರೆ ವಿವೇಕ, ವಿವೇಚನೆ ಎರಡೂ ಹುಟ್ಟಿದ್ದು ಸಂಸ್ಕೃತದ ‘ವಿಚ್’ ಧಾತುವಿನಿಂದ. ಬೇರ್ಪಡಿಸುವುದು ಎಂದು ಅದರ ಅರ್ಥ. ಮೊರ ಹಿಡಿದವರಿಗೆ ಗೊತ್ತು, ಜೊಳ್ಳು ಹಾರಿದರೆ ಸಾಲದು, ಕಾಳು ಉಳಿಯಬೇಕು.

ನ್ಯಾಯಾಧೀಶರ ‘ವಿವೇಚನಾಧಿಕಾರ’ಕ್ಕೆ ಈ ಮೂಲಾರ್ಥವೇ ಸರಿಯಾದದ್ದು. ಕೆನಡಾದ ಹೇವಿಷರ್ ಪ್ರಕರಣವನ್ನೇ ನೋಡಿ. 2007ರಲ್ಲಿ ಬ್ರಿಟಿಷ್ ಕೊಲಂಬಿಯಾದ ಸರ್ರೆಯಲ್ಲಿ ಆರು ಜನರ ಕೊಲೆಯಾಯಿತು. ತಪ್ಪಿತಸ್ಥರೆಂದು ತೀರ್ಮಾನವಾದ ಹೇವಿಷರ್ ಮತ್ತು ಇನ್ನೊಬ್ಬ, ತನಿಖೆಯಲ್ಲಿ ಪೊಲೀಸರ ದುರ್ನಡತೆ ಮತ್ತು ತಮಗಾದ ಏಕಾಂತ ಸೆರೆವಾಸವನ್ನು ಮುಂದಿಟ್ಟು, ಪ್ರಕರಣವನ್ನೇ ತಡೆಹಿಡಿಯಿರಿ ಎಂದು ಕೇಳಿದರು. ವಿಚಾರಣಾ ನ್ಯಾಯಾಲಯ ಸಾಕ್ಷ್ಯ ಕೇಳದೆಯೇ ಅರ್ಜಿ ವಜಾ ಮಾಡಿತು.

2023ರ ಏಪ್ರಿಲ್ 28ರಂದು ಕೆನಡಾದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಶೀಲಾ ಮಾರ್ಟಿನ್ ಬರೆದ ತೀರ್ಪಿನ ಪ್ರಕಾರ, ಹಕ್ಕುಗಳ ಸನ್ನದಿನಡಿ ಬಂದ ಇಂಥ ಅರ್ಜಿಯನ್ನು ಆರಂಭದಲ್ಲೇ ತಳ್ಳಿಹಾಕಬೇಕಾದರೆ ಅದು ಮೇಲ್ನೋಟಕ್ಕೇ ಹುರುಳಿಲ್ಲದ್ದಾಗಿರಬೇಕು. ಸೋಲದೆ ಬೇರೆ ದಾರಿಯೇ ಇಲ್ಲದಂತಿರಬೇಕು. ಆ ಹಂತದಲ್ಲಿ ಅರ್ಜಿದಾರ ಹೇಳುವ ಸಂಗತಿಗಳನ್ನು ನಿಜವೆಂದೇ ಹಿಡಿಯಬೇಕು. ಹುರುಳಿಲ್ಲವೆಂದು ತೋರಿಸುವ ಹೊಣೆ ವಜಾ ಕೋರಿದವರದ್ದು.

ಹಾಗೆಂದು ನ್ಯಾಯಾಧೀಶರ ಕೈ ಕಟ್ಟಿಲ್ಲ. ಅರ್ಜಿಯ ವಿಚಾರಣೆಗೆ ಸಮಯದ ಮಿತಿ ಹಾಕಬಹುದು, ಚರ್ಚೆಯ ವಿಷಯಗಳನ್ನು ಕಿರಿದುಗೊಳಿಸಬಹುದು. ನಡುವೆ ಹುರುಳಿಲ್ಲವೆಂದು ಸ್ಪಷ್ಟವಾದರೆ ಅಲ್ಲಿಗೇ ಮುಗಿಸಬಹುದು. ಈ ಹತೋಟಿ ಬೇಕೇ ಬೇಕು. ಏಕೆಂದರೆ ಅದೇ ಸುಪ್ರೀಂ ಕೋರ್ಟ್ ಜೋರ್ಡನ್ ಎಂಬ ಪ್ರಕರಣದಲ್ಲಿ 2016ರಲ್ಲಿ ಕೊಟ್ಟ ತೀರ್ಪು ಕ್ರಿಮಿನಲ್ ಮೊಕದ್ದಮೆಗೆ ಪ್ರಾಂತೀಯ ನ್ಯಾಯಾಲಯಗಳಲ್ಲಿ 18, ಮೇಲಿನ ವಿಚಾರಣಾ ನ್ಯಾಯಾಲಯಗಳಲ್ಲಿ 30 ತಿಂಗಳ ಗಡಿ ಹಾಕಿದೆ. ಸಕಾಲದಲ್ಲಿ ವಿಚಾರಣೆ ಮುಗಿಯುವುದೂ ಆರೋಪಿಯ ಹಕ್ಕೇ. ಅದನ್ನು ಕಾಯುವ ಅವಸರದಲ್ಲಿ ಆತನ ಅಹವಾಲನ್ನೇ ಕೇಳದಿದ್ದರೆ ಒಂದು ಹಕ್ಕನ್ನು ಉಳಿಸಲು ಇನ್ನೊಂದನ್ನು ಕಳೆದಂತಾಗುತ್ತದೆ.

ಆರು ಕೊಲೆಗಳ ಪ್ರಕರಣದಲ್ಲಿ ಅಪರಾಧಿಗಳ ಮಾತು ಕೇಳುವ ವ್ಯವಧಾನ ಯಾರಿಗೂ ಸುಲಭವಲ್ಲ. ವಿವೇಚನೆ ಬೇಕಾಗುವುದು ಅಂಥಲ್ಲೇ. ಅಪರಾಧದ ಘೋರತೆಯನ್ನೂ ಪೊಲೀಸರ ನಡತೆಯ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಕಾಣಬಲ್ಲವರಷ್ಟೇ ಅದನ್ನು ಬಳಸಿದ್ದಾರೆ ಎನ್ನಬಹುದು. ತಮ್ಮ ತೀರ್ಮಾನಕ್ಕೆ ಕಾರಣ ಕೊಡಲಾಗದವರು ಬಳಸಿದ್ದು ಬರೀ ಅಧಿಕಾರ.