ಹಕ್ಕಿಗಳ ಪಟ್ಟಿ

ಗೃಹಿಣಿಯ ಕೈಯಲ್ಲಿ ಪಟ್ಟಿಯಿದ್ದರೆ ಅದು ದಿನಸಿಯದೇ ಎಂದು ಎಲ್ಲರ ಎಣಿಕೆ. ಅಮೆರಿಕದ ಫೀಬಿ ಸ್ನೆಟ್‌ಸಿಂಗರ್ ಬರೆದಿಟ್ಟದ್ದು ತಾನು ಕಂಡ ಹಕ್ಕಿಗಳ ಪಟ್ಟಿ. ನಾಲ್ಕು ಮಕ್ಕಳ ಈ ತಾಯಿ 1965ರಲ್ಲಿ ಗೆಳತಿ ಕೊಟ್ಟ ದುರ್ಬೀನಿನಲ್ಲಿ ಕಿತ್ತಳೆ ಕೊರಳಿನ ಪುಟ್ಟ ಹಕ್ಕಿಯೊಂದನ್ನು ನೋಡಿದಳು. ಹುಚ್ಚು ಹಿಡಿಯಿತು.

1981ರಲ್ಲಿ ಚರ್ಮದ ಕ್ಯಾನ್ಸರ್. ವರ್ಷ ತುಂಬುವುದೂ ಕಷ್ಟವೆಂದರು ವೈದ್ಯರು. ಆಕೆ ಮನೆಯಲ್ಲಿ ಮಲಗದೆ, ಹಕ್ಕಿ ನೋಡಲು ಅಲಾಸ್ಕಕ್ಕೆ ಹೊರಟಳು! ತಂದೆ ಬಿಟ್ಟುಹೋದ ಹಣವಿತ್ತು, ನಿಜ. ಆದರೆ ಹಣವೊಂದರಿಂದ ಆಗುವ ಕೆಲಸವೇ ಇದು? ಹೊರಡುವ ಮೊದಲು ಓದು, ಮರಳಿದ ಮೇಲೆ ಕಾರ್ಡುಗಳಲ್ಲಿ ಟಿಪ್ಪಣಿ. ಉಪಜಾತಿಗಳನ್ನೂ ಗುರುತಿಡುತ್ತಿದ್ದಳು, ವಿಜ್ಞಾನಿಗಳು ಮುಂದೆ ಅವನ್ನು ಬೇರೆ ಜಾತಿಯೆಂದು ವಿಂಗಡಿಸಿದಾಗ ಆಕೆಯ ಲೆಕ್ಕ ಕೂತಲ್ಲೇ ಏರುತ್ತಿತ್ತು. ನಡುನಡುವೆ ಕಾಯಿಲೆ ಮರುಕಳಿಸಿದರೂ 1995ರಲ್ಲಿ 8,000 ಜಾತಿ ದಾಟಿದಳು. ಅಷ್ಟು ಕಂಡವರು ಅದುವರೆಗೆ ಯಾರೂ ಇರಲಿಲ್ಲ.

ಹೆತ್ತ ತಾಯಿಯ ಅಂತ್ಯಕ್ರಿಯೆಗೆ ಆಕೆ ಬರಲಿಲ್ಲ, ಮಗಳೊಬ್ಬಳ ಮದುವೆಗೂ ಇರಲಿಲ್ಲ. ಗಂಡಸಾಗಿದ್ದರೆ ಇದನ್ನು ಯಾರು ಎತ್ತಿ ಆಡುತ್ತಿದ್ದರು ಎನ್ನಿ. ಆದರೂ ಆ ಮದುವೆಯ ಸಂಗತಿ ನನಗೆ ನುಂಗಲಾರದ ತುತ್ತು.

1999ರ ನವೆಂಬರಿನಲ್ಲಿ ಮಡಗಾಸ್ಕರಿನಲ್ಲಿ ವ್ಯಾನು ಮಗುಚಿ ತೀರಿಕೊಂಡಳು. ಅದಕ್ಕೆ ಸ್ವಲ್ಪವೇ ಮುಂಚೆ ಕೆಂಪು ಹೆಗಲಿನ ವಾಂಗಾ ಹಕ್ಕಿಯನ್ನು ಕಂಡಿದ್ದಳು. ವಿಜ್ಞಾನ ಅದಕ್ಕೊಂದು ಹೆಸರಿಟ್ಟು ಆಗಿನ್ನೂ ಎರಡೇ ವರ್ಷವಾಗಿತ್ತು.