ಪಡಸಾಲೆಗೆ ಬಂದ ಕಂಪ್ಯೂಟರ್

ಟಿವಿಯ ಪಕ್ಕದಲ್ಲಿದ್ದುಕೊಂಡು ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಳ್ಳುವ, ಸಿನಿಮಾ, ಹಾಡು, ಫೋಟೊಗಳನ್ನು ತನ್ನ ಹಾರ್ಡ್‌ಡಿಸ್ಕಿನಲ್ಲಿ ಕೂಡಿಟ್ಟು, ರಿಮೋಟಿನ ಗುಂಡಿ ಒತ್ತಿದೊಡನೆ ಬೇಕಾದುದನ್ನು ಪರದೆಗೆ ತರುವ ಕಂಪ್ಯೂಟರಿಗೆ ಹವ್ಯಾಸಿಗಳ ವಲಯದಲ್ಲಿ ‘ಹೋಮ್ ಥಿಯೇಟರ್ ಪಿಸಿ’ ಎಂದು ಹೆಸರು; ಚಿಕ್ಕದಾಗಿ ‘ಎಚ್‌ಟಿಪಿಸಿ’. ಅಮೆರಿಕ ಮತ್ತು ಯುರೋಪಿನಲ್ಲಿ ಕಳೆದ ಶತಮಾನದ ಕೊನೆಗೆ ಕಾಣಿಸಿಕೊಂಡ ಈ ಯಂತ್ರದ ಚರಿತ್ರೆಯನ್ನು ಪ್ರೊಸೆಸರುಗಳ ವೇಗ ಮತ್ತು ಹಾರ್ಡ್‌ಡಿಸ್ಕುಗಳ ಗಾತ್ರ ಹೆಚ್ಚುತ್ತಾ ಹೋದ ಕಥೆಯಾಗಿ ಹೇಳುವುದು ರೂಢಿ. ಆದರೆ ಹವ್ಯಾಸಿಗಳು ತಮ್ಮ ಕೈಯಿಂದ ಮಾಡಬಹುದಾದುದನ್ನೆಲ್ಲ ಮಾಡಿಕೊಂಡರು. ಅವರನ್ನು ಮತ್ತೆ ಮತ್ತೆ ಕಾಡಿದ್ದು ಪರರ ಸ್ವತ್ತಾಗಿದ್ದ ಸಣ್ಣ ಸಣ್ಣ ಸಂಗತಿಗಳು: ಒಂದು ಗುಪ್ತ ಕೀಲಿ, ಒಂದು ಪರವಾನಗಿ, ಕಡೆಗೆ ಒಂದು ವೇಳಾಪಟ್ಟಿ.

ಈ ಯಂತ್ರಕ್ಕೆ ಕಾನೂನಿನ ನೆಲೆ ದೊರೆತದ್ದು ಅದು ಹುಟ್ಟುವುದಕ್ಕಿಂತ ಬಹಳ ಮೊದಲು. ಸೋನಿ ಕಂಪನಿಯ ಬೀಟಾಮ್ಯಾಕ್ಸ್ ವಿಸಿಆರ್ ವಿರುದ್ಧ ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರಸಂಸ್ಥೆಗಳು 1976ರಲ್ಲಿ ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1984ರ ಜನವರಿಯಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪು ನೀಡಿ, ಪ್ರಸಾರವಾಗುತ್ತಿರುವ ಕಾರ್ಯಕ್ರಮವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಹೇಳಿತು. ‘ಟೈಮ್ ಶಿಫ್ಟಿಂಗ್’ ಎಂದು ಕರೆಯಲಾದ ಈ ಪದ್ಧತಿಯಲ್ಲಿ ನೋಡುವ ಹೊತ್ತನ್ನು ವಾಹಿನಿಯ ಬದಲು ನೋಡುಗನೇ ಗೊತ್ತುಮಾಡುತ್ತಾನೆ. 1999ರಲ್ಲಿ ಮಾರುಕಟ್ಟೆಗೆ ಬಂದ ಟಿವೊ ಮತ್ತು ರಿಪ್ಲೇಟಿವಿ ಪೆಟ್ಟಿಗೆಗಳು ಕ್ಯಾಸೆಟ್ಟಿನ ಜಾಗಕ್ಕೆ ಹಾರ್ಡ್‌ಡಿಸ್ಕನ್ನು ತಂದವು. ಟಿವೊದ ಒಳಗೆ ಓಡುತ್ತಿದ್ದುದು, ಯಾರು ಬೇಕಾದರೂ ಓದಿ ತಿದ್ದಬಹುದಾದ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆ. ಟಿವೊ ಪೆಟ್ಟಿಗೆಯನ್ನು ಒಮ್ಮೆ ಕೊಂಡರೆ ಮುಗಿಯುತ್ತಿರಲಿಲ್ಲ. ಯಾವ ವಾಹಿನಿಯಲ್ಲಿ ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ ಎಂಬ ಪಟ್ಟಿಯನ್ನು ಪಡೆಯಲು ಚಂದಾ ಕಟ್ಟಬೇಕಿತ್ತು. ಯಂತ್ರಕ್ಕಿಂತ ಪಟ್ಟಿಯೇ ಮುಖ್ಯ ಸರಕೆಂಬುದನ್ನು ಆ ವ್ಯಾಪಾರಿಗಳು ಹವ್ಯಾಸಿಗಳಿಗಿಂತ ಮೊದಲೇ ಅರಿತಿದ್ದರು.

ಅದೇ ಕೆಲಸವನ್ನು ಮನೆಯ ಕಂಪ್ಯೂಟರಿನಿಂದ ಮಾಡಿಸಲು ಹೊರಟವರಿಗೆ ಮೊದಲು ಎದುರಾದದ್ದು ಗಾತ್ರದ ತೊಡಕು. ಸಾಮಾನ್ಯ ಟಿವಿ ಚಿತ್ರವನ್ನು ಕುಗ್ಗಿಸದೆ ಹಾಗೆಯೇ ಅಂಕೀಯ ರೂಪದಲ್ಲಿ ಬರೆದಿಟ್ಟರೆ ಸೆಕೆಂಡಿಗೆ 20 ಮೆಗಾಬೈಟಿಗೂ ಹೆಚ್ಚು, ಅಂದರೆ ಗಂಟೆಗೆ ಸುಮಾರು 75 ಗಿಗಾಬೈಟ್ ಜಾಗ ಬೇಕು. 2000ದ ಆಸುಪಾಸಿನಲ್ಲಿ ಅದಕ್ಕೆ ಹಲವರ ಮನೆಯ ಇಡೀ ಹಾರ್ಡ್‌ಡಿಸ್ಕೂ ಸಾಲುತ್ತಿರಲಿಲ್ಲ. ಚಿತ್ರ ಬರುತ್ತಿದ್ದಂತೆಯೇ ಅದನ್ನು ಕುಗ್ಗಿಸುವ, ಅಂದರೆ ಎನ್‌ಕೋಡ್ ಮಾಡುವ ಭಾರವನ್ನು ಪ್ರೊಸೆಸರಿನ ಮೇಲೆ ಹೊರಿಸಿದರೆ ಚಿತ್ರ ತಡವರಿಸುತ್ತಿತ್ತು. ಆಂಟೆನಾ ಅಥವಾ ಕೇಬಲ್ಲಿನ ಸಂಕೇತವನ್ನು ಕಂಪ್ಯೂಟರಿಗೆ ತರುವ ಫಲಕಕ್ಕೆ ಟಿವಿ ಟ್ಯೂನರ್ ಕಾರ್ಡ್ ಎನ್ನುತ್ತಾರೆ. ಡಿವಿಡಿಗಳಲ್ಲಿ ಬಳಸುವ ‘ಎಂಪೆಗ್-2’ ಕ್ರಮದಲ್ಲಿ ಚಿತ್ರವನ್ನು ತಾನೇ ಕುಗ್ಗಿಸಿ ಕೊಡುವ ಚಿಪ್ಪನ್ನು ಹೊತ್ತು ಬಂದ ಹೌಪಾಗ್ ಕಂಪನಿಯ ಪಿವಿಆರ್-250, 350 ಕಾರ್ಡುಗಳು ಹವ್ಯಾಸಿಗಳಿಗೆ ಅಷ್ಟು ಪ್ರಿಯವಾದದ್ದು ಈ ಕಾರಣದಿಂದಲೇ. ಗಂಟೆಯ ಕಾರ್ಯಕ್ರಮ ಎರಡು ಗಿಗಾಬೈಟಿನ ಸುತ್ತಮುತ್ತ ಮುಗಿಯತೊಡಗಿತು, ಹಳೆಯ ಕಂಪ್ಯೂಟರೂ ಕೆಲಸಕ್ಕೆ ಬಂತು.

ಐಸಾಕ್ ರಿಚರ್ಡ್ಸ್ ಎಂಬ ಅಮೆರಿಕದ ಪ್ರೋಗ್ರಾಮರ್ 2002ರಲ್ಲಿ ಆರಂಭಿಸಿದ ‘ಮಿಥ್‌ಟಿವಿ’ ಎಂಬ ತಂತ್ರಾಂಶ ಈ ಬಿಡಿಭಾಗಗಳಿಗೆ ಒಂದು ಒಡಲು ಕೊಟ್ಟಿತು. ಟಿವಿ, ಕಂಪ್ಯೂಟರ್, ದೂರವಾಣಿ ಎಲ್ಲವೂ ಒಂದಾಗುವ ಪೆಟ್ಟಿಗೆಯೊಂದು ಇಂದೋ ನಾಳೆಯೋ ಬರಲಿದೆ ಎಂದು ಉದ್ಯಮ ವರ್ಷಗಟ್ಟಲೆ ಸಾರುತ್ತಿದ್ದುದನ್ನು ಕುಟುಕುವ ಹೆಸರದು. ಬರುತ್ತದೆಂದು ಹೇಳುತ್ತಲೇ ಇದ್ದ ಆ ಪೆಟ್ಟಿಗೆ ಪುರಾಣದ ಕಲ್ಪನೆ ಎಂಬ ಧ್ವನಿ ಅದರಲ್ಲಿದೆ. ಅದರ ರಚನೆಯಲ್ಲಿ ಎರಡು ಪಾಲು. ರೆಕಾರ್ಡ್ ಮಾಡಿ ಕೂಡಿಡುವ ‘ಬ್ಯಾಕೆಂಡ್’ ಸದ್ದು ಮಾಡುವ ಫ್ಯಾನುಗಳೊಡನೆ ಅಟ್ಟದ ಮೇಲೋ ನೆಲಮಾಳಿಗೆಯಲ್ಲೋ ಇರಬಹುದಿತ್ತು. ಕೂಡಿಟ್ಟದ್ದನ್ನು ಮನೆಯ ನೆಟ್‌ವರ್ಕಿನ ಮೂಲಕ ತರಿಸಿಕೊಂಡು ತೋರಿಸುವ ‘ಫ್ರಂಟೆಂಡ್’ ಪಡಸಾಲೆಯಲ್ಲಿ ಮೌನವಾಗಿರುತ್ತಿತ್ತು. ಇಂದು ಸ್ಟ್ರೀಮಿಂಗ್ ಎನ್ನುವ ಏರ್ಪಾಡು ಒಂದು ಮನೆಯ ಗೋಡೆಗಳ ಒಳಗೆ ನೆಲೆಗೊಂಡದ್ದು ಹೀಗೆ.

ರಿಮೋಟಿನ ವ್ಯವಸ್ಥೆಯಲ್ಲಿ ಹವ್ಯಾಸಿಗಳ ಕೈಗೆಲಸ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 38 ಕಿಲೋಹರ್ಟ್ಸ್‌ನ ಅವಕೆಂಪು ಮಿಡಿತವನ್ನು ಗುರುತಿಸುವ ಮೂರು ಕಾಲಿನ ಒಂದು ಸಂವೇದಕ, 5 ವೋಲ್ಟಿನ ಒಂದು ರೆಗ್ಯುಲೇಟರ್, ಒಂದು ಡಯೋಡ್, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್: ಇಷ್ಟನ್ನು ಬೆಸುಗೆ ಹಾಕಿ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಸಿಕ್ಕಿಸಿದರೆ ಮನೆಯಲ್ಲಿದ್ದ ಬಹುತೇಕ ಯಾವ ರಿಮೋಟ್ ಆದರೂ ನಡೆಯುತ್ತಿತ್ತು. ಕೇಬಲ್ ಕಂಪನಿಯ ಸೆಟ್‌ಟಾಪ್ ಬಾಕ್ಸಿನಲ್ಲಿ ವಾಹಿನಿ ಬದಲಿಸುವುದಕ್ಕೆ ಇನ್ನೂ ವಿಚಿತ್ರವಾದ ಉಪಾಯವಿತ್ತು. ಕಂಪ್ಯೂಟರಿನಿಂದ ಹೊರಟ ತಂತಿಯ ತುದಿಯಲ್ಲಿ ಅವಕೆಂಪು ಎಲ್‌ಇಡಿಯೊಂದನ್ನು ಜೋಡಿಸಿ, ಬಾಕ್ಸಿನ ಮುಖದಲ್ಲಿದ್ದ ಕಪ್ಪು ಗಾಜಿನ ಕಿಂಡಿಗೆ ಅದನ್ನು ಟೇಪಿನಿಂದ ಅಂಟಿಸಿದರೆ, ಕಂಪ್ಯೂಟರೇ ರಿಮೋಟಿನಂತೆ ನಟಿಸಿ ಅಂಕಿಗಳನ್ನು ಒತ್ತುತ್ತಿತ್ತು. ಟೇಪು ಸಡಿಲಗೊಂಡು ಎಲ್‌ಇಡಿ ಜಾರಿದ ದಿನ ಬೇರೆ ಯಾವುದೋ ವಾಹಿನಿಯ ಕಾರ್ಯಕ್ರಮ ನಿಷ್ಠೆಯಿಂದ ರೆಕಾರ್ಡ್ ಆಗಿರುತ್ತಿತ್ತು. ಜಾಹೀರಾತುಗಳನ್ನು ಹಾರಿಸುವ ವಿಧಾನವೂ ಇಂಥದೇ ಜಾಣ್ಮೆಯದು. ಕಾರ್ಯಕ್ರಮಕ್ಕೂ ಜಾಹೀರಾತಿಗೂ ನಡುವೆ ಕ್ಷಣಮಾತ್ರ ಬರುವ ಕಪ್ಪು ಪರದೆ, ಜಾಹೀರಾತಿನ ವೇಳೆ ಪರದೆಯ ಮೂಲೆಯಿಂದ ಮರೆಯಾಗುವ ವಾಹಿನಿಯ ಲಾಂಛನ, ಇವುಗಳ ಗುರುತು ಹಿಡಿದು ಮಿಥ್‌ಟಿವಿ ಯಾವ ತುಣುಕನ್ನು ಹಾರಿಸಬೇಕೆಂದು ಊಹಿಸುತ್ತಿತ್ತು. ಇದೇ ಸೌಲಭ್ಯವನ್ನು ಕೊಟ್ಟ ರಿಪ್ಲೇಟಿವಿಯ ಒಡೆತನದ ಸಾನಿಕ್‌ಬ್ಲೂ ಸಂಸ್ಥೆ ವಾಹಿನಿಗಳ ದಾವೆಗಳ ನಡುವೆಯೇ 2003ರಲ್ಲಿ ದಿವಾಳಿಯಾಯಿತು. ಮಾರುವವರೇ ಇಲ್ಲದ ತಂತ್ರಾಂಶದ ಮೇಲೆ ಹಾಗೆ ದಾವೆ ಹೂಡುವುದು ಸುಲಭವಿರಲಿಲ್ಲ.

ಪೆಟ್ಟು ಬಿದ್ದದ್ದು ವೇಳಾಪಟ್ಟಿಯ ಕಡೆಯಿಂದ. ಅಮೆರಿಕದ ಮಿಥ್‌ಟಿವಿ ಬಳಕೆದಾರರು ಟ್ರಿಬ್ಯೂನ್ ಮೀಡಿಯಾ ಸರ್ವಿಸಸ್ ಸಂಸ್ಥೆಯ ‘ಝ್ಯಾಪ್‌ಟುಇಟ್ ಲ್ಯಾಬ್ಸ್’ ಎಂಬ ಸೇವೆಯಿಂದ ಕಾರ್ಯಕ್ರಮಪಟ್ಟಿಯನ್ನು ಉಚಿತವಾಗಿ ಪಡೆಯುತ್ತಿದ್ದರು. ಆ ಸೇವೆಯನ್ನು 2007ರ ಸೆಪ್ಟೆಂಬರ್ 1ರಿಂದ ನಿಲ್ಲಿಸುವುದಾಗಿ ಸಂಸ್ಥೆ ಪ್ರಕಟಿಸಿದಾಗ, ಲಕ್ಷಣವಾಗಿ ಓಡುತ್ತಿದ್ದ ಯಂತ್ರಗಳು ಒಂದೇ ಏಟಿಗೆ ಕುರುಡಾಗುವ ಸ್ಥಿತಿ ಬಂತು, ಏಕೆಂದರೆ ಏನು ಯಾವಾಗ ಬರುತ್ತದೆಂದು ತಿಳಿಯದ ರೆಕಾರ್ಡರು ವಿಸಿಆರಿಗಿಂತ ಮೇಲಲ್ಲ. ಮಿಥ್‌ಟಿವಿಯವರೂ ಇತರ ಮುಕ್ತ ತಂತ್ರಾಂಶದವರೂ ಕಲೆತು ‘ಶೆಡ್ಯೂಲ್ಸ್ ಡೈರೆಕ್ಟ್’ ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿ, ಸದಸ್ಯರಿಂದ ಚಂದಾ ಎತ್ತಿ, ಅದೇ ಟ್ರಿಬ್ಯೂನ್‌ನಿಂದ ಅದೇ ಪಟ್ಟಿಯನ್ನು ಹಣ ತೆತ್ತು ಕೊಂಡರು. ಸಾವಿರಾರು ಸಾಲುಗಳ ತಂತ್ರಾಂಶವನ್ನು ಬಿಟ್ಟಿಯಾಗಿ ಬರೆದುಕೊಂಡವರಿಗೆ, ರಾತ್ರಿ ಎಂಟು ಗಂಟೆಗೆ ಯಾವ ಧಾರಾವಾಹಿ ಎಂಬ ಮಾಹಿತಿಯನ್ನು ಮಾತ್ರ ತಾವೇ ಉತ್ಪಾದಿಸಿಕೊಳ್ಳಲಾಗಲಿಲ್ಲ.

ಮೈಕ್ರೋಸಾಫ್ಟ್ 2002ರಲ್ಲಿ ತಂದ ‘ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಎಡಿಷನ್’ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಮೊದಮೊದಲು ಹೊಸ ಕಂಪ್ಯೂಟರುಗಳ ಜೊತೆಗಷ್ಟೇ ಸಿಗುತ್ತಿದ್ದ ಅದು, ಸೋಫಾದಲ್ಲಿ ಕುಳಿತವನಿಗೆ ಹತ್ತು ಅಡಿ ದೂರದಿಂದ ಓದಲು ಬರುವಂಥ ದೊಡ್ಡ ಅಕ್ಷರಗಳ ‘ಹತ್ತಡಿ ಪರದೆ’ಯನ್ನೂ ಹಸಿರು ಗುಂಡಿಯ ರಿಮೋಟನ್ನೂ ಜನಪ್ರಿಯಗೊಳಿಸಿತು. ಈ ಚರಿತ್ರೆಯ ನಿಜವಾದ ತಿರುವನ್ನು ಅದೇ ಕಂಪನಿಯ ಬೇರೊಂದು ಪೆಟ್ಟಿಗೆ, ಕಂಪನಿಯ ಇಷ್ಟಕ್ಕೆ ವಿರುದ್ಧವಾಗಿ, ತಂದಿತು.

2001ರ ನವೆಂಬರಿನಲ್ಲಿ 299 ಡಾಲರ್ ಬೆಲೆಗೆ ಬಂದ ಎಕ್ಸ್‌ಬಾಕ್ಸ್, ಹೆಸರಿಗೆ ಆಟದ ಯಂತ್ರವಾದರೂ, ಒಳಗೆ 733 ಮೆಗಾಹರ್ಟ್ಸ್‌ನ ಇಂಟೆಲ್ ಪ್ರೊಸೆಸರ್, 64 ಮೆಗಾಬೈಟ್ ಮೆಮೊರಿ, ಹಾರ್ಡ್‌ಡಿಸ್ಕ್, ನೆಟ್‌ವರ್ಕ್ ಪೋರ್ಟ್ ಇದ್ದ ಅಪ್ಪಟ ಕಂಪ್ಯೂಟರು. ಕಂಪನಿಯ ಸಹಿಯಿಲ್ಲದ ಯಾವ ತಂತ್ರಾಂಶವೂ ಅದರಲ್ಲಿ ಓಡದಂತೆ ಬೀಗ ಹಾಕಲಾಗಿತ್ತು. ಆಗ ಎಂಐಟಿಯಲ್ಲಿದ್ದ ಆಂಡ್ರ್ಯೂ ಹುವಾಂಗ್ 2002ರಲ್ಲಿ ಅದರ ಎರಡು ಚಿಪ್ಪುಗಳ ನಡುವೆ ಹರಿಯುತ್ತಿದ್ದ ಸಂಕೇತಗಳಿಗೆ ಕಿವಿಗೊಟ್ಟು ಗುಪ್ತ ಕೀಲಿಯನ್ನು ಹೊರಗೆಳೆದರು. ಬೀಗವನ್ನು ತಪ್ಪಿಸುವ ‘ಮಾಡ್‌ಚಿಪ್’ ಎಂಬ ಪುಟ್ಟ ಫಲಕಗಳನ್ನು ಜನ ಬೆಸೆದುಕೊಂಡರು. ಬೆಸುಗೆ ಬಾರದವರಿಗೆ ‘ಮೆಕ್‌ಅಸಾಲ್ಟ್’ನಂಥ ಆಟಗಳ ಸೇವ್ ಫೈಲಿನಲ್ಲಿದ್ದ ಲೋಪಗಳೇ ಬಾಗಿಲಾದವು. ಹೀಗೆ ತೆರೆದ ಪೆಟ್ಟಿಗೆಗೆಂದು ಹುಟ್ಟಿದ ‘ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್’ ಬೆಳೆದು ‘ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್’ ಆಗಿ, 2004ರ ಜೂನಿನಲ್ಲಿ ಅದರ 1.0 ಆವೃತ್ತಿ ಹೊರಬಂತು. ಡಿವಿಡಿ ನೋಡಲು ಪ್ರತ್ಯೇಕ ರಿಮೋಟ್ ಕಿಟ್ ಕೊಳ್ಳಬೇಕಾಗಿದ್ದ ಯಂತ್ರದಲ್ಲಿ ಈಗ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿದ್ದ ಫೈಲುಗಳೂ ಅಂತರ್ಜಾಲದ ರೇಡಿಯೊಗಳೂ ನಡೆಯತೊಡಗಿದವು.

ಇಲ್ಲಿಯೂ ಪರವಾನಗಿಯ ಗಂಟೊಂದು ಉಳಿದಿತ್ತು. ತಂತ್ರಾಂಶದ ಆಕರ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ಮುಕ್ತವಾಗಿತ್ತಾದರೂ, ಅದನ್ನು ಎಕ್ಸ್‌ಬಾಕ್ಸಿನಲ್ಲಿ ಓಡುವ ರೂಪಕ್ಕೆ ತರಲು ಮೈಕ್ರೋಸಾಫ್ಟ್ ತನ್ನ ಪರವಾನಗಿ ಪಡೆದವರಿಗಷ್ಟೇ ಕೊಡುತ್ತಿದ್ದ ಅಭಿವೃದ್ಧಿ ಸಲಕರಣೆ ಬೇಕಿತ್ತು. ಆದ್ದರಿಂದ ತಂಡದವರು ಆಕರ ಸಂಕೇತವನ್ನು ಮಾತ್ರ ಹಂಚಿದರು. ಓಡುವ ರೂಪ ಮೂರನೆಯವರ ಮೂಲಕ ಕೈಯಿಂದ ಕೈಗೆ ಸಾಗಿತು. ಅಡುಗೆಯ ವಿಧಾನವನ್ನು ಡಂಗುರ ಸಾರಿ, ಒಲೆಯ ಸುದ್ದಿ ಮಾತ್ರ ಎತ್ತದಂಥ ಈ ಸ್ಥಿತಿಯಿಂದ ಯೋಜನೆ ಬಿಡುಗಡೆ ಪಡೆದದ್ದು ಲಿನಕ್ಸ್, ಮ್ಯಾಕ್, ವಿಂಡೋಸ್‌ಗಳಿಗೂ ಹರಡಿದ ಮೇಲೆ, 2008ರ ‘ಅಟ್ಲಾಂಟಿಸ್’ ಆವೃತ್ತಿಯಲ್ಲಿ. ಹೆಚ್ಚು ಸ್ಪಷ್ಟತೆಯ ಹೊಸ ಚಿತ್ರಗಳನ್ನು ಆ ಹಳೆಯ ಪ್ರೊಸೆಸರ್ ಎಳೆಯಲಾರದೆ ಸೋತಿದ್ದರಿಂದ 2010ರಲ್ಲಿ ಎಕ್ಸ್‌ಬಾಕ್ಸನ್ನೇ ಕೈಬಿಡಲಾಯಿತು. ಯಂತ್ರ ಹೋದರೂ ಅದರ ಹೆಸರು ಉಳಿದಿದ್ದ ತಂತ್ರಾಂಶಕ್ಕೆ 2014ರಲ್ಲಿ ‘ಕೋಡಿ’ ಎಂದು ಮರುನಾಮಕರಣವಾಯಿತು. ಅಷ್ಟರಲ್ಲಿ ಅದರ ಆಕರ ಸಂಕೇತದಿಂದ ಪ್ಲೆಕ್ಸ್ ಮತ್ತು ಬಾಕ್ಸಿ ಎಂಬ ಎರಡು ಕವಲುಗಳು ಒಡೆದು ಸ್ವತಂತ್ರ ಉದ್ಯಮಗಳಾಗಿದ್ದವು.

2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ, 35 ಡಾಲರಿನ ಕಂಪ್ಯೂಟರು ಫ್ಯಾನಿನ ಸದ್ದಿನ ಕಾಟವನ್ನು ಮುಗಿಸಿತು. ಆದರೆ ಅದರ ಚಿಪ್ಪಿಗೆ ಹೊಸ ‘ಎಚ್.264’ ಚಿತ್ರಗಳನ್ನು ಬಿಡಿಸಲು ಅನುಮತಿಯಿತ್ತು, ಹಳೆಯ ಡಿವಿಡಿಗಳ ಎಂಪೆಗ್-2ಕ್ಕೆ ಇರಲಿಲ್ಲ. ಪೇಟೆಂಟಿನ ರಾಜಧನವನ್ನು ಬೆಲೆಯಲ್ಲಿ ಸೇರಿಸಿದರೆ ಅಗ್ಗದ ಯಂತ್ರ ದುಬಾರಿಯಾಗುತ್ತಿತ್ತು. ಬೇಕಾದವರು 2.40 ಪೌಂಡ್ ಕಟ್ಟಿ, ತಮ್ಮ ಫಲಕದ ಕ್ರಮಸಂಖ್ಯೆಗೆ ಮಾತ್ರ ಹೊಂದುವ ಕೀಲಿಯೊಂದನ್ನು ತರಿಸಿ ಒಂದು ಸಾಲಿನಲ್ಲಿ ಬರೆದರೆ, ಚಿಪ್ಪಿನಲ್ಲಿ ಮೊದಲಿನಿಂದಲೂ ಇದ್ದ ಸಾಮರ್ಥ್ಯ ಎಚ್ಚರಗೊಳ್ಳುತ್ತಿತ್ತು.

ಕರ್ನಾಟಕದಲ್ಲಿ ಈ ಹವ್ಯಾಸದ ದಾರಿ ಸ್ವಲ್ಪ ಬೇರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತಿದ್ದ ಟ್ಯೂನರ್ ಕಾರ್ಡುಗಳನ್ನು ಕೊಂಡವರ ಉದ್ದೇಶ ಸಾಮಾನ್ಯವಾಗಿ ತದ್ವಿರುದ್ಧವಾಗಿತ್ತು: ಟಿವಿಯ ಬಳಿಗೆ ಕಂಪ್ಯೂಟರನ್ನು ತರುವುದಲ್ಲ, ಬೇರೆ ಟಿವಿ ಇಲ್ಲದ ಕೋಣೆಯಲ್ಲಿ ಮಾನಿಟರನ್ನೇ ಟಿವಿಯಾಗಿಸುವುದು. ಕೇಬಲ್‌ನವರ ತಂತಿಯಲ್ಲಿ ಬರುತ್ತಿದ್ದ ಅನಲಾಗ್ ಸಂಕೇತಕ್ಕೆ ಬೀಗವಿರಲಿಲ್ಲವಾದ್ದರಿಂದ ಅದು ಸುಲಭವೂ ಆಗಿತ್ತು. 2011ರ ತಿದ್ದುಪಡಿ ಕಾಯಿದೆಯಂತೆ ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತ, 2013ರಲ್ಲಿ, ಬೆಂಗಳೂರು ಮತ್ತು ಮೈಸೂರುಗಳನ್ನು ತಲುಪಿ, ಗೂಢಲಿಪಿಯನ್ನು ಬಿಡಿಸುವ ಸೆಟ್‌ಟಾಪ್ ಬಾಕ್ಸ್ ಅನಿವಾರ್ಯವಾದಾಗ ಆ ಕಾರ್ಡುಗಳು ಮೂಲೆ ಸೇರಿದವು. ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿತ್ತು. ಎಕ್ಸ್‌ಬಾಕ್ಸಿನ ಕಾಲದಿಂದ ಬಂದ ತಂತ್ರಾಂಶ ಪರದೆಯ ಬರಹವನ್ನು ಒಂದೊಂದೇ ಸಂಕೇತವಾಗಿ ಸಾಲಾಗಿ ಜೋಡಿಸುತ್ತಿತ್ತು. ಇಂಗ್ಲಿಷಿಗೆ ಅಷ್ಟು ಸಾಕು, ಆದರೆ ಒತ್ತಕ್ಷರ ಮೂಡಲು ಸಂಕೇತಗಳು ಒಂದರೊಳಗೊಂದು ಬೆರೆಯಬೇಕು. ಹೀಗಾಗಿ ‘ಕನ್ನಡ’ ಎಂಬ ಪದದಲ್ಲೇ ನಕಾರದ ಕೆಳಗೆ ಒತ್ತು ಬರುವ ಬದಲು ಎರಡು ನಕಾರಗಳು ಅಕ್ಕಪಕ್ಕ ನಿಂತು, ನಡುವೆ ಹಲಂತದ ಕೊಂಬೊಂದು ಜೋತಾಡುತ್ತಿತ್ತು.

ನೆಟ್‌ಫ್ಲಿಕ್ಸ್ 2007ರಲ್ಲಿ ಆರಂಭಿಸಿದ ನೇರ ಸ್ಟ್ರೀಮಿಂಗ್ ಕ್ರಮೇಣ ರೆಕಾರ್ಡ್ ಮಾಡುವ ಅಗತ್ಯವನ್ನೇ ಕರಗಿಸಿತು. ಹವ್ಯಾಸ ಆಗ ಟಿವಿಯ ಪಕ್ಕದಿಂದ ಸರ್ವರಿನ ಕಡೆಗೆ ಸರಿಯಿತು: ಸಂಗ್ರಹವೆಲ್ಲ ಒಂದು ಯಂತ್ರದಲ್ಲಿದ್ದು, ನೋಡುವ ಸಾಧನಕ್ಕೆ ತಕ್ಕಂತೆ ಚಿತ್ರವನ್ನು ಅಲ್ಲಿಯೇ ಮರುರೂಪಿಸಿ ಕಳುಹಿಸುವ ‘ಟ್ರಾನ್ಸ್‌ಕೋಡಿಂಗ್’ ಪ್ಲೆಕ್ಸಿನ ಹೆಗ್ಗಳಿಕೆಯಾಯಿತು. ವಿಂಡೋಸ್ ಮೀಡಿಯಾ ಸೆಂಟರಿಗೆ ಒಂದು ಸಣ್ಣ ಜೋಡಣೆಯಾಗಿ ಹುಟ್ಟಿದ ‘ಮೀಡಿಯಾ ಬ್ರೌಸರ್’ ಮುಂದೆ ‘ಎಂಬಿ’ ಎಂಬ ಸರ್ವರ್ ಆಗಿ, 2018ರಲ್ಲಿ ತನ್ನ ಆಕರ ಸಂಕೇತವನ್ನು ಮುಚ್ಚಿಕೊಂಡಾಗ, ಅಸಮಾಧಾನಗೊಂಡವರು ಅದರ ಕೊನೆಯ ಮುಕ್ತ ಆವೃತ್ತಿಯಿಂದ ‘ಜೆಲ್ಲಿಫಿನ್’ ಎಂಬ ಕವಲನ್ನು ಬೆಳೆಸಿದರು.

ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನು ಕೈಬಿಟ್ಟಿತು. ಆದರೂ ವಿಂಡೋಸ್ 7ನ್ನು ಬಿಡದೆ ಅದರಲ್ಲೇ ರೆಕಾರ್ಡ್ ಮಾಡುತ್ತಿದ್ದ ಒಂದು ಗುಂಪು ಉಳಿದಿತ್ತು. 2020ರ ಜನವರಿಯಲ್ಲಿ ವಿಂಡೋಸ್ 7ರ ಬೆಂಬಲದೊಡನೆ ಕಾರ್ಯಕ್ರಮಪಟ್ಟಿಯ ಸೇವೆಯೂ ಮುಗಿಯುವುದೆಂದು ಗೊತ್ತಾದಾಗ ಅವರಿಗೆ ನೆರವಾದದ್ದು ‘ಇಪಿಜಿ123’ ಎಂಬ ಉಚಿತ ತಂತ್ರಾಂಶ. ಅದು ಹಸಿರು ಗುಂಡಿಯ ಪರದೆಗೆ ಪಟ್ಟಿಯನ್ನು ತರುತ್ತಿದ್ದುದು 2007ರಲ್ಲಿ ಮುಕ್ತ ತಂತ್ರಾಂಶದವರು ಚಂದಾ ಎತ್ತಿ ಕಟ್ಟಿದ ಶೆಡ್ಯೂಲ್ಸ್ ಡೈರೆಕ್ಟಿನಿಂದಲೇ.